ಗಿರಣಿಯೊಳಗಿನ ಒಂಬತ್ತನೆಯ ಹಾಡು

ನಮ್ಮ ಊರಿನಲ್ಲಿ ಎರಡು ರಸ್ತೆಗಳು ಮನೆಯೊಳಗಿಂದ ಹೋಗುತ್ತವೆ. ಒಂದು ಹುರಿಗಡಲೆ ಪುಟ್ಟಸ್ವಾಮಿಯ ಹಜಾರ ದಾಟಿ, ಅಡುಗೆಮನೆಯ ಕಟ್ಟೆಯನ್ನು ಬಳಸಿಕೊಂಡು, ಹಿತ್ತಲ ಬಾಗಿಲಿನಿಂದ ಕೆರೆಯ ಕಡೆ ಇಳಿಯುತ್ತದೆ. ಪುಟ್ಟಸ್ವಾಮಿಯ ಹೆಂಡತಿ ಊಟಕ್ಕೆ ಬಡಿಸುವಾಗ ಸೈಕಲ್ ಗಂಟೆ ಕೇಳಿದರೆ ತಟ್ಟೆ ಎತ್ತಿಕೊಂಡು ಗೋಡೆಗೆ ಸರಿಯುತ್ತಾಳೆ. ಸೈಕಲ್‌ನವನು "ಇವತ್ತೇನು ಸಾರು?" ಎಂದು ಕೇಳಿ ಮುಂದೆ ಹೋಗುತ್ತಾನೆ. ಒಲೆಯ ಪಕ್ಕದಲ್ಲಿ ಪುರಸಭೆಯವರು ಒಂದು ಬೀದಿದೀಪ ಹಾಕಿಸಿದ್ದಾರೆ. ಇನ್ನೊಂದು ರಸ್ತೆ ವಕೀಲರೊಬ್ಬರ ಮಲಗುವ ಕೋಣೆಯ ಮೂಲಕ ಹೋಗುವುದರಿಂದ ಜನ ಅಲ್ಲಿ ಕೆಮ್ಮಿ ಹೆಜ್ಜೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಕೂಗದೆ ಬಿಟ್ಟದ್ದು ಮನೆಯಲ್ಲೇ ಉಳಿಯುತ್ತದೆ. ಅದು ಹೊರಗೆ ಬರುವ ತನಕ ಬಾಗಿಲು ಮುಚ್ಚುವುದಿಲ್ಲ. ಹತ್ತನೆಯ ದಿನ ಸೂರ್ಯ ಮುಳುಗುವ ಹೊತ್ತಿಗೂ ಬಾಗಿಲು ತೆರೆದೇ ಇದ್ದರೆ ಆ ಮನೆ ರಸ್ತೆ. ಅಷ್ಟೇ ಕಾಯಿದೆ. ಅದನ್ನು ಹೊರಗೆ ತರುವುದು ನಮ್ಮ ಮನೆಯ ಹೆಂಗಸರ ಕೆಲಸ.

ಆ ಎರಡೂ ನನ್ನ ಕಾಲದಲ್ಲಿ ಆದದ್ದಲ್ಲ. ಅವ್ವನ ಲೆಕ್ಕಕ್ಕೂ ಅವನ್ನು ಹಾಕುವಂತಿಲ್ಲ. ಅವಳು ನನ್ನನ್ನು ಹೆತ್ತು ಮಲಗಿದ್ದ ತಿಂಗಳಲ್ಲಿ ಎರಡು ಸಾವುಗಳಾದವು, ಎರಡು ಮನೆಗಳು ಹೋದವು. ಅದಕ್ಕಾಗಿ ಅವಳು ಇವತ್ತಿಗೂ ನನ್ನನ್ನು ಬೈಯುತ್ತಾಳೆ. ಗಂಟಲು ಪೂರ್ತಿ ಸವೆದುಹೋಗಿರುವುದರಿಂದ ಈಗ ಸನ್ನೆಯಲ್ಲಿ ಬೈಯುತ್ತಾಳೆ. ನಾನು ಕೆಲಸಕ್ಕೆ ನಿಂತು ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷಗಳಲ್ಲಿ ಒಂದು ಮನೆಯೂ ರಸ್ತೆಯಾಗಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬಾಗಿಲು ಮುಚ್ಚಿದ ಮೇಲೆ ಅದರ ಒಳಗಿರುವವರು ಮುಚ್ಚಿದವರನ್ನು ಮರೆಯುತ್ತಾರೆ. ನನ್ನ ಹೆಸರೂ ಯಾರಿಗೂ ಬೇಕಾಗಿಲ್ಲ. ಅವ್ವನನ್ನು ಕೂಗವ್ವ ಎನ್ನುತ್ತಿದ್ದರು, ಅವಳ ಅವ್ವನನ್ನೂ ಕೂಗವ್ವ ಎನ್ನುತ್ತಿದ್ದರು, ಈಗ ನಾನು ಕೂಗವ್ವ.

ಕೂಗುವುದೆಂದರೆ ಕಿರುಚುವುದಲ್ಲ. ಕಿರುಚುವವರ ಗಂಟಲು ಮೂರು ಮನೆಗೆ ಹರಿದುಹೋಗುತ್ತದೆ. ಸತ್ತವರ ಮನೆಗೆ ಹೋಗಿ, ಒಲೆ ಗಡಿಯಾರ ಎಲ್ಲ ನಿಲ್ಲಿಸಿ, ಸದ್ದಿಲ್ಲದ ಮನೆಯಲ್ಲಿ ಬಾಯಿ ತೆರೆದು ಮೂಲೆಮೂಲೆಗೂ ನಿಂತು ಉಸಿರೆಳೆಯಬೇಕು. ಸತ್ತವರ ಕೈ ಹೆಚ್ಚು ಆಡಿದ ಜಾಗದಲ್ಲಿ ಅವರ ಕೂಗು ಇರುತ್ತದೆ. ಅಂಚೆಯವನದು ಸೈಕಲ್ಲಿನ ಸೀಟಿನ ಕೆಳಗಿತ್ತು. ನಲವತ್ತು ವರ್ಷ "ಮುಂದಿನೋರು ಬನ್ನಿ" ಎಂದು ಮೆತ್ತಗೆ ಹೇಳಿದ ರೇಷನ್ ಅಂಗಡಿಯ ಗುಮಾಸ್ತನದು ಅವನ ಹಲ್ಲುಪುಡಿ ಡಬ್ಬಿಯಲ್ಲಿತ್ತು. ಸಿಕ್ಕಿದೊಡನೆ ಹೊಟ್ಟೆಯ ತಳದಿಂದ ಗಾಳಿ ಎತ್ತಿ, ಗಂಟಲಿನ ಹಿಂಭಾಗದಲ್ಲಿ ಒಡೆದು ಹೊರಗೆ ಬಿಡಬೇಕು. ಬಂದದ್ದನ್ನು ಬಂದ ಹಾಗೆ ಬಿಡಬೇಕು. ಮನೆಯವರಿಗೆ ನೋವಾಗುತ್ತದೆಂದು ಮೆತ್ತಗೆ ಮಾಡಬಾರದು. ಕೂಗನ್ನು ತೊಳೆಯಬಾರದು ಎನ್ನುತ್ತಾಳೆ ಅವ್ವ. ಬಾಗಿಲು ಮುಚ್ಚಿದ ಕ್ಷಣ ನಿಲ್ಲಿಸಬೇಕು. ಒಂದು ಉಸಿರು ಹೆಚ್ಚಾದರೂ ಅದು ನಮ್ಮ ಕೆಲಸವಲ್ಲ.

ಮೂರು ವರ್ಷದ ಕೆಳಗೆ ಹಿಟ್ಟಿನ ಗಿರಣಿಯ ಇಲಿಯಾಸ್ ಒಂದು ಕ್ಯಾಸೆಟ್ ಹಿಡಿದುಕೊಂಡು ಓಡಿ ಬಂದ. ನನಗಿಂತ ಆರು ವರ್ಷ ಚಿಕ್ಕವನು, ಗಿಟಾರ್ ಹುಚ್ಚಿನವನು. "ಅಕ್ಕ, ದೂರದೇಶದಲ್ಲೂ ನಿಮ್ಮ ಕೆಲಸ ಮಾಡೋರಿದಾರೆ!" ಎಂದ.

ಕೇಳಿದೆ. ಯಾವ ಭಾಷೆಯೋ ಏನೋ. ಹೊಟ್ಟೆಯ ತಳದಿಂದಲೇ ಬರುತ್ತಿತ್ತು, ಸರಿಯಾದ ಜಾಗದಲ್ಲೇ ಒಡೆಯುತ್ತಿತ್ತು. ಕೆಳಗೆ ಡ್ರಮ್ಮು ಕಲ್ಲು ಸುರಿದ ಹಾಗೆ ಸುರಿಯುತ್ತಿತ್ತು. "ಯಾರ ಮನೆ ಬಾಗಿಲು ಮುಚ್ತಿದಾರೆ ಇವರು?" ಎಂದು ಕೇಳಿದೆ.

"ಬಾಗಿಲಿಲ್ಲ ಅಕ್ಕ. ಸುಮ್ನೆ ಕೂಗ್ತಾರೆ. ಇದಕ್ಕೆ ಮೆಟಲ್ ಅಂತಾರೆ."

"ಸುಮ್ನೇನಾ?"

"ಅವರದ್ದೇ ಕೂಗು ಅದು."

ನನಗೆ ಅದು ಅರ್ಥವಾಗಲಿಲ್ಲ. ಆದರೂ ಮರುದಿನ ಗಿರಣಿಗೆ ಹೋದೆ. ಡ್ರಮ್ಮಿಗೆ ದರ್ಜಿ ದ್ಯಾಮಣ್ಣ ಬಂದಿದ್ದ. ದಸರೆ, ರಂಜಾನ್ ಬಂದರೆ ಎರಡು ಹೊಲಿಗೆ ಮೆಷೀನುಗಳ ನಡುವೆ ಕುಳಿತು ಒಂದೊಂದು ಕಾಲಿನಲ್ಲಿ ಒಂದೊಂದನ್ನು ತುಳಿಯುವ ಮನುಷ್ಯ. ಅವನ ಪಾದಗಳಿಗೆ ಇಲಿಯಾಸ್ ಎರಡು ದೊಡ್ಡ ಡ್ರಮ್ಮು ಕಟ್ಟಿಕೊಟ್ಟಿದ್ದ. ದ್ಯಾಮಣ್ಣ ಕೇಳಿದ್ದು ಒಂದೇ ಪ್ರಶ್ನೆ, "ನಿಮಿಷಕ್ಕೆ ಎಷ್ಟು ಹೊಲಿಗೆ ಬೇಕು ಹೇಳು." ಬೇಸ್ ಗಿಟಾರಿಗೆ ಊರಿನಲ್ಲಿ ಯಾರೂ ಇರಲಿಲ್ಲ. ಒಂದು ಕಡೆ ಇಲಿಯಾಸನ ಅಜ್ಜಿ ಸಕೀನಮ್ಮ ಗಿರಣಿ ನಡೆಸುತ್ತಿದ್ದಳು, ಇನ್ನೊಂದು ಕಡೆ ನಾವು ಬಾರಿಸುತ್ತಿದ್ದೆವು. ಹಿಟ್ಟು ಹಾರಿ ಮೂವರ ಮುಖವೂ ಬೆಳ್ಳಗಾಗುತ್ತಿತ್ತು. ಮೆಟಲ್‌ನವರು ಹಾಗೆ ಬಣ್ಣ ಹಚ್ಚಿಕೊಳ್ಳುತ್ತಾರಂತೆ, ನಮಗೆ ಆ ಖರ್ಚು ಉಳಿಯಿತು ಎಂದ ಇಲಿಯಾಸ್.

ಸಕೀನಮ್ಮನ ಬಗ್ಗೆ ಹೇಳಬೇಕು. ಐವತ್ತೆರಡು ವರ್ಷ ಆ ಗಿರಣಿಯಲ್ಲಿ ನಿಂತವಳು, ಗಂಡ ಸತ್ತ ಮೇಲೆ ಒಬ್ಬಳೇ. ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ, ಗಿರಣಿಯ ಹೊರಗೂ ಅವಳಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳುತ್ತಿತ್ತು. "ಏ ಕೂಗವ್ವಾ, ನಿನ್ನ ಗಂಟಲು ನನ್ ಗಂಟಲಿನ ಮುಂದೆ ಏನೂ ಅಲ್ಲ ಕಣೇ! ನಾನ್ ಸತ್ರೆ ನಿನಗೆ ಕೆಲಸ ಇಲ್ಲ, ಎಲ್ಲಾ ಕೂಗಿ ಮುಗಿಸಿದೀನಿ!" ಎನ್ನುತ್ತಿದ್ದಳು. ನಾವು ಬಾರಿಸುವಾಗ ರಾಗಿ ಸುರಿಯುತ್ತಾ ತಲೆ ಅಲ್ಲಾಡಿಸುತ್ತಿದ್ದಳು. ತಾಳಕ್ಕೋ, ನಮ್ಮ ಹಣೆಬರಹಕ್ಕೋ ತಿಳಿಯುತ್ತಿರಲಿಲ್ಲ.

ಒಮ್ಮೆ ಬಂದ ಕೂಗು ಗಂಟಲಿನಲ್ಲಿ ತನ್ನ ದಾರಿ ಬಿಟ್ಟುಹೋಗುತ್ತದೆ. ಅದೇ ದಾರಿಯಲ್ಲಿ ನಾನು ಅದನ್ನು ಮತ್ತೆ ತರಬಲ್ಲೆ. ಮನೆಯವರ ಒಪ್ಪಿಗೆ ಕೇಳಿ, ಒಬ್ಬೊಬ್ಬ ಸತ್ತವರ ಕೂಗಿಗೆ ಒಂದೊಂದು ಹಾಡು ಮಾಡಿದೆವು. ಮೊದಲನೆಯದು ಅಂಚೆಯವನದು. ಅದರಲ್ಲೇ ಜಗಳ ಹತ್ತಿತು. ನನ್ನ ಕೂಗಿನ ಮೇಲೆ ಇಲಿಯಾಸ್ ಗಿಟಾರಿನಲ್ಲಿ ಒಂದು ರಾಗ ಬಿಟ್ಟ. ಉದ್ದಕ್ಕೆ, ಅಳುವ ಹಾಗೆ, ಚೆನ್ನಾಗಿಯೇ ಇತ್ತು. ನಾನು ನಿಲ್ಲಿಸಿದೆ.

"ಏನಿದು? ಮದುವೆಮನೆ ಶಹನಾಯಿ ತಂದು ತುರುಕಿದೀಯಲ್ಲ."

"ಅಕ್ಕ, ಬರೀ ಕಲ್ಲು ಹೊಡೆದರೆ ಕಿವಿ ಮುಚ್ಕೋತಾರೆ."

"ಮುಚ್ಕೊಳ್ಲಿ. ಕೂಗನ್ನ ತೊಳೆಯೋದು ನಮ್ಮ ಮನೇಲಿಲ್ಲ."

"ನಾನು ತೊಳೀತಿಲ್ಲ. ಪಕ್ಕದಲ್ಲಿ ನಿಂತಿದೀನಿ ಅಷ್ಟೆ."

ದ್ಯಾಮಣ್ಣ ಡ್ರಮ್ಮಿನ ಕೋಲು ಕೆಳಗಿಟ್ಟು, "ಅಂಚೆಯವನ ಹೆಂಡತೀನ ಕರೆದು ಕೇಳಿಸಿ. ಇಬ್ಬರದೂ ಬಾಯಿ ಮುಚ್ಚುತ್ತೆ," ಎಂದ. ಆಕೆ ಬಂದು ಗೋಣಿಯ ಮೇಲೆ ಕುಳಿತು ಕೇಳಿದಳು. ಕೂಗು ಬಂದಾಗ ಸೆರಗು ಬಿಗಿ ಹಿಡಿದಳು. ಗಿಟಾರಿನ ರಾಗ ಬಂದಾಗ ಕೈ ಸಡಿಲವಾಯಿತು. "ಮೊದಲಿಂದು ಅವರ ಹೊಟ್ಟೇಲಿದ್ದದ್ದು, ನನಗೆ ಗೊತ್ತೇ ಇರಲಿಲ್ಲ. ಆ ತಂತಿ ಅಳುತ್ತಲ್ಲ, ಅದು ನನಗೆ ಗೊತ್ತಿದ್ದ ಮನುಷ್ಯ. ಇನ್ನೊಂದ್ಸಲ ಹಾಕಪ್ಪ," ಎಂದಳು. ಅವತ್ತಿನಿಂದ ಗಿಟಾರಿಗೆ ರಾಗ, ನನ್ನ ಬಾಯಿಗೆ ಕೂಗು ಎಂದು ಒಪ್ಪಂದವಾಯಿತು. ನನ್ನ ಬಾಯಲ್ಲಿ ರಾಗ ಬರಕೂಡದು, ಅದು ನನ್ನ ಷರತ್ತು.

ಹೀಗೆ ಎಂಟು ಹಾಡುಗಳಾದವು. ಆಲ್ಬಮ್ ಮಾಡುವುದಕ್ಕೆಂದು ಇಲಿಯಾಸ್ ಅವನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಒಂದು ಹಾಡು ಇನ್ನೊಂದಕ್ಕಿಂತ ಬಲ. ನಾಲ್ಕನೆಯದರಲ್ಲಿ ದ್ಯಾಮಣ್ಣನ ಕಾಲು ಓಡುವ ವೇಗಕ್ಕೆ ಮೇಲಿನ ಹಂಚಿನಿಂದ ಹಳೆಯ ಹಿಟ್ಟು ಉದುರುತ್ತದೆ, ಅದೂ ರೆಕಾರ್ಡಿಂಗಿನಲ್ಲಿ ಕೇಳುತ್ತದೆ. ಆರನೆಯದು ಹದಿನೇಳಕ್ಕೆ ಸತ್ತ ಒಬ್ಬ ಹುಡುಗಿಯದು. ಸಂತೆಯಲ್ಲಿ ಜನ ನನ್ನನ್ನು ತಡೆದು, "ಕೂಗವ್ವ, ನಮ್ಮಪ್ಪಂದು ಹಾಕ್ತೀರಾ ಅದರಲ್ಲಿ?" ಎಂದು ಕೇಳತೊಡಗಿದರು. ಸತ್ತ ಮನೆಗೆ ಮಾತ್ರ ಬೇಕಾಗಿದ್ದವಳನ್ನು ಸಂತೆಯಲ್ಲಿ ತಡೆದು ಕೇಳುತ್ತಿದ್ದರು. ನಾನು ತರಕಾರಿ ಚೀಲ ಹಿಡಿದುಕೊಂಡು ಸ್ವಲ್ಪ ನಿಧಾನವಾಗಿ ನಡೆಯುವುದನ್ನು ಕಲಿತೆ.

ಒಂಬತ್ತನೆಯ ಹಾಡು ಯಾರದೆಂದು ಯೋಚಿಸುತ್ತಿರುವಾಗ ಸಕೀನಮ್ಮ ಸತ್ತಳು. ಮಧ್ಯಾಹ್ನ, ಜೋಳ ಸುರಿಯುತ್ತಾ ನಿಂತಲ್ಲೇ ಕುಸಿದಳು. ಮಣ್ಣು ಮಾಡಿ ಬಂದ ಇಲಿಯಾಸ್ ಗಿರಣಿಯ ಬಾಗಿಲು ಎಳೆದ. ಅವರ ಮನೆಯೂ ಅದೇ, ಗಿರಣಿಯೂ ಅದೇ, ಬಾಗಿಲು ಒಂದೇ. ಅದು ಅರ್ಧ ಬಂದು ನಿಂತಿತು.

"ನಿನ್ನಜ್ಜಿ ಬಾಗಿಲಿಗೇನಾಯ್ತೋ?" ಎಂದು ನಕ್ಕ ದ್ಯಾಮಣ್ಣ. ಅವನಿಗೆ ಕೀಲು ತುಕ್ಕು ಹಿಡಿದಿದೆ ಎನ್ನಿಸಿತ್ತು. ಎಣ್ಣೆ ಬಿಟ್ಟ. ಆಮೇಲೆ ನಗಲಿಲ್ಲ.

ಊರಿನಲ್ಲಿ ಯಾರೂ ನಂಬಲಿಲ್ಲ. ಜೀವಮಾನವಿಡೀ ಕೂಗಿದವಳ ಹೊಟ್ಟೆಯಲ್ಲಿ ಇನ್ನೇನು ಉಳಿದಿರುತ್ತದೆ? ನಾನೂ ಹಾಗೇ ಅಂದುಕೊಂಡೆ, ಸಣ್ಣದೇನೋ ಇರಬೇಕು, ಎರಡು ದಿನದ ಕೆಲಸ. ಗಿರಣಿ ನಿಲ್ಲಿಸಿದ್ದರು. ಹಾಲ್ನೊರೆಯ ಹಾಗೆ ಹಿಟ್ಟು ಕೂತಿದ್ದ ಆ ಮೌನದಲ್ಲಿ ಕಲ್ಲಿನ ಹತ್ತಿರ, ತಕ್ಕಡಿಯ ಹತ್ತಿರ, ಅವಳ ಎಲೆಅಡಿಕೆ ಡಬ್ಬಿಯ ಹತ್ತಿರ ಬಾಯಿ ತೆರೆದು ನಿಂತೆ. ಏನೂ ಇಲ್ಲ. ನಾಲ್ಕನೆಯ ದಿನ ಅವಳ ಚಪ್ಪಲಿಯೊಳಗೆ ಮುಖ ಇಟ್ಟೆ. ಏನೂ ಇಲ್ಲ. ಆರನೆಯ ದಿನ ಅವ್ವನನ್ನು ಕರೆತಂದೆ. ಅವಳು ಒಂದು ಸುತ್ತು ಹಾಕಿ, ಕೈ ಕೊಡವಿ, ನನ್ನ ಕಡೆ ಬೆರಳು ತೋರಿಸಿ ಹೊರಟುಹೋದಳು. ಹುಡುಕಲು ಬರದವಳು ನೀನೇ ಎಂದು ಅದರ ಅರ್ಥ.

ಎಂಟನೆಯ ದಿನ ಪುರಸಭೆಯ ಗುಮಾಸ್ತ ವೆಂಕೋಬರಾಯರು ಅಳತೆ ಟೇಪು ತಂದರು. ಕೆಟ್ಟ ಮನುಷ್ಯರಲ್ಲ, ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು ಗಿರಣಿಯ ಅಗಲ ಅಳೆದರು.

"ಒಂಬತ್ತಡಿ. ಗಾಡಿ ಹೋಗುತ್ತೆ."

"ಇನ್ನೂ ಎರಡು ದಿನ ಇದೆಯಲ್ಲ ರಾಯರೇ," ಎಂದೆ.

"ಇದೆಯಮ್ಮ, ಯಾರು ಇಲ್ಲ ಅಂದ್ರು? ಆದ್ರೂ ನೋಡು, ಸಂತೆಯಿಂದ ಬಸ್ ಸ್ಟ್ಯಾಂಡಿಗೆ ಸುತ್ತು ಹಾಕೋ ಜನ. ಇಲ್ಲಿಂದಾದರೆ ಹತ್ತು ನಿಮಿಷ ಉಳಿಯುತ್ತೆ. ನನಗೂ ಮೊಣಕಾಲು ನೋವು."

ಅವರು ಹೇಳಿದ್ದು ನಿಜ. ಜನರ ಮುಖದಲ್ಲಿ ದುಃಖವಿತ್ತು, ಅದರ ಹಿಂದೆ ಆ ಹತ್ತು ನಿಮಿಷವೂ ಇತ್ತು. ಒಂಬತ್ತನೆಯ ದಿನ ಒಬ್ಬ ಹೂವಿನವಳು ಬುಟ್ಟಿ ಹೊತ್ತು ಗಿರಣಿಯೊಳಗೆ ಬಂದು, ಹಿಂದಿನ ಗೋಡೆ ಮುಟ್ಟಿ, "ಇಲ್ಲಿ ಒಡೀಬೇಕಾಗುತ್ತಲ್ವಾ?" ಎಂದು ಕೇಳಿ ವಾಪಸ್ಸು ಹೋದಳು. ಇಲಿಯಾಸ್ ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ಕುಳಿತ. ಅವನಿಗೆ ಬೇರೆ ಮನೆ ಇಲ್ಲ, ನಮಗೆ ಬೇರೆ ಜಾಗ ಇಲ್ಲ. ರಸ್ತೆಯ ಮೇಲೆ ಯಾರೂ ಆಲ್ಬಮ್ ಮಾಡುವುದಿಲ್ಲ. ನನ್ನ ಹನ್ನೊಂದು ವರ್ಷಕ್ಕೂ ಅಲ್ಲಿಗೇ ಕೊನೆ. ಊರಿನ ಮೂರನೆಯ ರಸ್ತೆಯಲ್ಲಿ ನಡೆಯುವವರೆಲ್ಲ ದಿನವೂ ನನ್ನ ಸೋಲಿನ ಮೇಲೆ ಕಾಲಿಟ್ಟು ಹೋಗುತ್ತಾರೆ.

ಹತ್ತನೆಯ ದಿನ ಸಂಜೆ ಐದು ಗಂಟೆ ದಾಟಿದ ಮೇಲೆ ಇಲಿಯಾಸ್ ಎದ್ದ. ಅಜ್ಜಿ ಸತ್ತ ದಿನ ಜನ ತಂದಿಟ್ಟಿದ್ದ ಹದಿನಾಲ್ಕು ಡಬ್ಬಿ ಕಾಳು ಸಾಲಾಗಿ ಹಾಗೇ ಇದ್ದವು.

"ಬೀಸಿ ಕೊಟ್ಟುಬಿಡ್ತೀನಿ. ಕಾಳು ತಂದೋರಿಗೆ ಕಾಳೇ ವಾಪಸ್ ಕೊಟ್ರೆ ದಾದಿ ಗೋರಿಯಿಂದ ಎದ್ದು ಬರ್ತಾಳೆ," ಎಂದ. ಅಜ್ಜಿಯನ್ನು ಅವನು ದಾದಿ ಎನ್ನುತ್ತಿದ್ದ.

"ಸದ್ದು ಮಾಡಬಾರದು," ಎಂದೆ. "ನಾನಿನ್ನೂ ಹುಡುಕ್ತಿದೀನಿ."

"ಹತ್ತು ದಿನ ಹುಡುಕಿದೀಯ ಅಕ್ಕ," ಎಂದ. ಸಿಟ್ಟಿನಿಂದ ಅಲ್ಲ. ಹೇಳಿ ಮೋಟಾರಿನ ಗುಂಡಿ ಒತ್ತಿದ.

ಬೆಲ್ಟು ಒಮ್ಮೆ ಜಗ್ಗಿ ಓಡತೊಡಗಿತು. ಕಲ್ಲು ತಿರುಗಿತು. ನೆಲ ಆ ಹಳೆಯ ಸದ್ದಿಗೆ ನಡುಗಿತು. ಬೈಯಲೆಂದು ಬಾಯಿ ತೆರೆದೆ, ಬಾಯಿ ತುಂಬಿಹೋಯಿತು. ಇಷ್ಟು ವರ್ಷದಲ್ಲಿ ಯಾರ ಮನೆಯಲ್ಲೂ ಹಾಗೆ ತುಂಬಿರಲಿಲ್ಲ. ಒಂದು ಮೂಲೆಯಿಂದಲ್ಲ, ಸದ್ದು ಇರುವಲ್ಲೆಲ್ಲ ಅದು ಇತ್ತು. ಐವತ್ತೆರಡು ವರ್ಷ ಸದ್ದಿನೊಳಗೆ ಬದುಕಿದವಳನ್ನು ನಾನು ಹತ್ತು ದಿನ ಮೌನದಲ್ಲಿ ಹುಡುಕಿದ್ದೆ. ನನ್ನ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಮೊದಲ ಸ್ವರ ತುಟಿಗೆ ಬಂತು, ನಾನು ಬಾಯಿ ಮುಚ್ಚಿಕೊಂಡೆ.

ಅದು ಕೂಗಾಗಿರಲಿಲ್ಲ. ಹಾಡಾಗಿತ್ತು. ಮಾತಿಲ್ಲದ, ಬರೀ ಧಾಟಿ. ಮೋಟಾರಿನ ಶ್ರುತಿಗೇ ಕೂತಿದ್ದ, ಎಳೆಯೆಳೆಯಾಗಿ ಏರುವ ಧಾಟಿ. ಜೋರಾಗಿ ಹಾಡಿದರೆ ಮುರಿಯುವಂಥದ್ದು. ಮೆಲ್ಲಗೆ ಹಾಡಿದರೆ ಗಿರಣಿಯಲ್ಲಿ ಯಾರಿಗೂ ಕೇಳದಂಥದ್ದು. ಅದಕ್ಕೇ ಅವಳು ಒಮ್ಮೆಯೂ ಹಾಡಿರಲಿಲ್ಲ.

ಇಲಿಯಾಸ್ ನನ್ನ ಮುಖ ನೋಡಿದ. "ಸಿಕ್ತಾ?"

ತಲೆ ಆಡಿಸಿದೆ.

"ಬಿಡು ಮತ್ತೆ!"

"ಇದು ಹಾಡು ಕಣೋ," ಎಂದೆ, ಹಲ್ಲು ಕಚ್ಚಿಕೊಂಡೇ. "ನಾನು ಹಾಡೋಳಲ್ಲ. ನಮ್ಮ ಮನೇಲಿ ಯಾರೂ ಹಾಡಿಲ್ಲ. ನನ್ನ ಗಂಟಲಲ್ಲಿ ಇದು ಹೊರಗೆ ಬಂದರೆ ಹರಿದು ಚಿಂದಿಯಾಗುತ್ತೆ."

ದ್ಯಾಮಣ್ಣ ಆಗಲೇ ಡ್ರಮ್ಮಿನ ಹಿಂದೆ ಕೂತು ಚಪ್ಪಲಿ ಬಿಡುತ್ತಿದ್ದ. "ಬಂದದ್ದನ್ನ ಬಂದ ಹಾಗೆ ಬಿಡಬೇಕು. ಯಾರ ಕಾಯಿದೆ ಅದು?"

"ನಮ್ಮವ್ವಂದು."

"ಮತ್ತೆ? ಕೂಗನ್ನ ತೊಳೆಯೋದು ತಪ್ಪಾದರೆ ಹಾಡನ್ನ ನುಂಗೋದು ಏನು? ಹೊರಗೆ ನೋಡು, ರಾಯರು ಬೋರ್ಡು ತಂದಿದಾರೆ."

ಬಾಗಿಲ ಹೊರಗೆ ಅರ್ಧ ಊರು ನಿಂತಿತ್ತು. ವೆಂಕೋಬರಾಯರ ಕಂಕುಳಲ್ಲಿ ರಸ್ತೆಯ ನೀಲಿ ಬೋರ್ಡು, ಬಣ್ಣ ಇನ್ನೂ ಹಸಿ, ಅವರ ಅಂಗಿಗೆ ಅಂಟಿತ್ತು. ಬಿಸಿಲು ಎದುರು ಸಾಲಿನ ಹಂಚಿನ ಅಂಚಿಗೆ ಬಂದಿತ್ತು.

ಇಲಿಯಾಸ್ ರೆಕಾರ್ಡಿಂಗ್ ಮಷೀನು ಹಾಕಿ ಗಿಟಾರ್ ಹೆಗಲಿಗೇರಿಸಿದ. ಮೋಟಾರಿನ ಶ್ರುತಿಗೆ ತಂತಿ ಬಿಗಿದ. ದ್ಯಾಮಣ್ಣ ಮೊದಲು ನಿಧಾನಕ್ಕೆ, ಗುಂಡಿಗೆ ಕಾಜಾ ಹೊಲಿಯುವ ಹಾಗೆ, ಆಮೇಲೆ ಎರಡೂ ಕಾಲಲ್ಲಿ ಓಡಿಸತೊಡಗಿದ. ನಾನು ಬಾಯಿ ಬಿಟ್ಟೆ.

ಹರಿಯಿತು, ನಾನು ಹೆದರಿದ ಹಾಗೆಯೇ. ಆ ನವಿರಾದ ಧಾಟಿ ನನ್ನ ಗಂಟಲಿನ ಕಲ್ಲುಗಳ ನಡುವೆ ಸಿಕ್ಕಿ, ಬೀಸಿ, ತರಿತರಿಯಾಗಿ ಹೊರಗೆ ಬಂತು. ಆದರೆ ಧಾಟಿ ತಪ್ಪಲಿಲ್ಲ. ಮೇಲೆ ನನ್ನ ಕೂಗಿನ ಒರಟು, ಅದರ ಹೊಟ್ಟೆಯೊಳಗೆ ಅವಳ ಹಾಡು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುತ್ತಿರಲಿಲ್ಲ. ಅವಳೂ ಹೀಗೇ ಇದ್ದಳಲ್ಲ ಎನ್ನಿಸಿತು. ಇಲಿಯಾಸ್ ಈ ಸಲ ಪಕ್ಕದಲ್ಲಿ ನಿಲ್ಲಲಿಲ್ಲ. ಅಜ್ಜಿಯ ಧಾಟಿಯ ಕೆಳಗೆ ಹೆಗಲು ಕೊಟ್ಟು, ಅದು ಏರಿದಾಗ ಏರಿ, ಇಳಿದಾಗ ಇಳಿದ. ಅವನ ಕೆನ್ನೆಯ ಹಿಟ್ಟಿನ ಮೇಲೆ ಎರಡು ಗೆರೆ ಮೂಡಿದ್ದವು. ಹೊರಗಿನ ಗುಂಪಿನಲ್ಲಿ ಯಾರೋ "ಇದು ಸಕೀನಮ್ಮಾನಾ?" ಎಂದರು. ಇನ್ಯಾರೋ "ಸುಮ್ನಿರ್ರೀ!" ಎಂದರು.

ಬಾಗಿಲು ಅಲ್ಲಾಡಿತು. ಕೈ ಹಾಕಿದವರಿಲ್ಲ. ಬೀದಿಯ ಬಿಸಿಲು ಒಂದು ಗೇಣಾಯಿತು, ಬೆರಳಾಯಿತು, ದಾರವಾಯಿತು. ಚಿಲಕ ತನ್ನಷ್ಟಕ್ಕೆ ಬಿದ್ದ ಸದ್ದು ಡ್ರಮ್ಮಿನ ನಡುವೆಯೂ ಕೇಳಿತು. ಬಾಯಿ ಖಾಲಿಯಾಯಿತು.

ದ್ಯಾಮಣ್ಣನಿಗೆ ಕೆಲಸದ ನೇಮ ಗೊತ್ತು, ಕೋಲು ಮೇಲೆತ್ತಿ ಹಿಡಿದ. ನಾನು ನಿಲ್ಲಿಸಬೇಕಿತ್ತು. ಹನ್ನೊಂದು ವರ್ಷ ಪ್ರತಿ ಮನೆಯಲ್ಲೂ ನಿಲ್ಲಿಸಿದ್ದೆ. ಖಾಲಿ ಬಾಯಿ ತೆರೆದೇ ಇತ್ತು. ಅದರ ಹಿಂದೆ, ಗಂಟಲಿನ ಕೆಳಗೆ, ಹೊಟ್ಟೆಯ ತಳದಲ್ಲಿ, ಯಾರ ಮನೆಯದೂ ಅಲ್ಲದ್ದು ಒಂದು ಎದ್ದು ನಿಂತಿತ್ತು. ನಾನು ದ್ಯಾಮಣ್ಣನ ಕಡೆ ನೋಡಿ ತಲೆ ಅಡ್ಡ ಆಡಿಸಿದೆ. ಅವನು ಒಂದು ಕ್ಷಣ ಕಣ್ಣು ಕಿರಿದು ಮಾಡಿದ, ಆಮೇಲೆ ಹಲ್ಲು ಕಿರಿದ. ಎರಡು ಕಾಲೂ ಮೊದಲಿಗಿಂತ ಜೋರಾಗಿ ಓಡಿದವು. ಇಲಿಯಾಸ್ ಗಿಟಾರ್ ತಿರುಗಿಸಿಕೊಂಡ. ನಾನು ಕೂಗಿದೆ. ಕೂಗುತ್ತಾ ಹಾಡಿದೆ, ಹಾಡುತ್ತಾ ಕೂಗಿದೆ, ಯಾವುದು ಯಾವುದೆಂದು ನೋಡಲು ಹೋಗಲಿಲ್ಲ. ಕಲ್ಲಿನ ಮೇಲೆ ಕಾಳು ಮುಗಿದು ಗಿರಣಿ ಬರಿದೇ ತಿರುಗುತ್ತಿತ್ತು. ಹೊರಗಿನವರು ಬಾಗಿಲು ತಟ್ಟಲಿಲ್ಲ.

ಮುಗಿದ ಮೇಲೆ ಇಲಿಯಾಸ್ ಮೋಟಾರು ಆರಿಸಿದ. ಮೂವರೂ ಹೊರಗೆ ಬಂದೆವು, ಅವನು ಹಿಂದಿನಿಂದ ಬಾಗಿಲು ಎಳೆದ. ಬಂತು, ಕೂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಸತ್ತ ಮನೆಯ ಮುಂದೆ ತಟ್ಟುವುದಿಲ್ಲ. ಆದರೆ ದಾರಿ ಬಿಟ್ಟರು. ಗುಂಪಿನ ಹಿಂದೆ ನಿಂತಿದ್ದ ಅವ್ವ ನನ್ನ ಕಡೆ ಬೆರಳು ತೋರಿಸಿದಳು. ಬೈಯುವ ಸನ್ನೆ ಅಲ್ಲ, ಪಕ್ಕದವರಿಗೆ ತೋರಿಸುತ್ತಿದ್ದಳು.

ವೆಂಕೋಬರಾಯರು ಬೋರ್ಡನ್ನು ಗೋಡೆಗೆ ಒರಗಿಸಿ ರಿಜಿಸ್ಟರ್ ತೆಗೆದಿದ್ದರು.

"ಬಾಗಿಲು ಮುಚ್ಚಿದ್ದು ಐದೂ ಐವತ್ತೆರಡಕ್ಕೆ," ಎಂದರು ವಾಚು ನೋಡಿ. "ಸಕೀನಾಬಿ, ಗಿರಣಿ, ಬರ್ಕೊಂಡೆ. ಆದ್ರೆ ಕೂಗು ನಿಂತದ್ದು ಆರಕ್ಕೆ. ಮಧ್ಯೆ ಎಂಟು ನಿಮಿಷ ಇದೆಯಲ್ಲ ಕೂಗವ್ವ, ಅದು ಯಾರದು?"

"ನಂದು."

"ನಿಂದು ಅಂದ್ರೆ?"

"ನಂದು ಅಂದ್ರೆ ನಂದು. ಚಂದ್ರಭಾಗಾ. ಹನುಮಕ್ಕನ ಮಗಳು. ಬರ್ಕೊಳ್ಳಿ."

ಅವರು ಪೆನ್ನು ಹಿಡಿದು ಪುಟದ ಮೇಲಿಂದ ಕೆಳಗೆ ನೋಡಿದರು. "ಇದು ಸತ್ತೋರ ರಿಜಿಸ್ಟರ್ ಕಣಮ್ಮ ಚಂದ್ರಭಾಗಾ. ಬದುಕಿರೋರಿಗೆ ಕಾಲಂ ಇಲ್ಲ."

"ಗೆರೆ ಎಳೀರಿ," ಎಂದೆ.

ದ್ಯಾಮಣ್ಣ ಕಿವಿಯ ಮೇಲಿನ ಹಿಟ್ಟು ಕೊಡವಿಕೊಂಡು, ಜೇಬಿನಿಂದ ಬಟ್ಟೆ ಗುರುತು ಹಾಕುವ ಸ್ಕೇಲು ತೆಗೆದು ಮುಂದೆ ಹಿಡಿದ. ರಾಯರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ರಿಜಿಸ್ಟರನ್ನು ಗಿರಣಿಯ ಮುಚ್ಚಿದ ಬಾಗಿಲಿಗೆ ಒತ್ತಿ ಹಿಡಿದು, ಮೇಲಿಂದ ಕೆಳಗೆ ಹೊಸದೊಂದು ಗೆರೆ ಎಳೆದರು.